ಹೊರಟು ನಿಲ್ಲುವ ಇಂಜಿನ್ನು



ಹ್ಯಾಂಡಲು ತಿರುವಿದೊಡನೆ ಡೀಸೆಲ್ ಪಂಪುಸೆಟ್ಟು ಹೊರಡುತ್ತದೆ. ಒಂದು ಮಡಿಗೆ ನೀರು ತುಂಬುವುದರೊಳಗೆ ನಿಂತುಬಿಡುತ್ತದೆ. ಪೈರು ತೆನೆ ಕಟ್ಟುವ ಕಾಲದಲ್ಲಿ ಹೀಗಾದರೆ ಯಾರ ಎದೆಯೂ ಧಸಕ್ಕೆನ್ನುತ್ತದೆ. ಆದರೆ ಗಾಬರಿಯಿಂದ ಪಿಸ್ಟನ್ನು ಬಿಚ್ಚಿಸಲು ಹೋಗಬೇಡಿ. ಚೆನ್ನಾಗಿ ಹೊರಟ ಇಂಜಿನ್ನಿಗೆ ಬಹುಮಟ್ಟಿಗೆ ಎಣ್ಣೆಯದೇ ಕೊರತೆ.

ಮೊದಲು ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನಡೆಸಿ ನೋಡಿ. ನಿಲ್ಲದೆ ಓಡಿದರೆ ಮುಚ್ಚಳದಲ್ಲಿರುವ ಗಾಳಿಯ ತೂತು ಧೂಳಿನಿಂದ ಕಟ್ಟಿದೆ ಎಂದರ್ಥ. ಇಳಿದ ಎಣ್ಣೆಯ ಜಾಗಕ್ಕೆ ಗಾಳಿ ಬಾರದಿದ್ದರೆ ಮಿಕ್ಕ ಎಣ್ಣೆ ಇಳಿಯುವುದಿಲ್ಲ. ಮುಚ್ಚಳವನ್ನು ತೆಗೆದು, ತೆಳು ತಂತಿಯಿಂದ ತೂತು ಬಿಡಿಸಿ.

ಅದಲ್ಲವಾದರೆ ಇಂಜಿನ್ನು ನಿಲ್ಲಿಸಿ, ಟ್ಯಾಂಕಿನಿಂದ ಬರುವ ನಳಿಕೆಯನ್ನು ಫಿಲ್ಟರಿನ ಬಳಿ ಬಿಚ್ಚಿ ಡಬ್ಬಿಗೆ ಹಿಡಿಯಿರಿ. ಧಾರೆ ಸಣ್ಣಗಿದ್ದರೆ ನಳಿಕೆಯಲ್ಲೋ ಟ್ಯಾಂಕಿನ ತಳದಲ್ಲೋ ಕಸವಿದೆ. ಧಾರೆ ಚೆನ್ನಾಗಿದ್ದರೆ ಫಿಲ್ಟರು ಕಟ್ಟಿರಬಹುದು. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ, ಹೊಸದನ್ನೇ ಹಾಕತಕ್ಕದ್ದು.

ನಳಿಕೆ ಬಿಚ್ಚಿದ ಮೇಲೆ ಗಾಳಿ ಸೇರಿಯೇ ಇರುತ್ತದೆ. ಫಿಲ್ಟರಿನಲ್ಲಿ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬಂದಾಗ ಬಿಗಿ ಮಾಡಿ. ಇಂಜಿನ್ನು ತಿರುಗುತ್ತಿರುವಾಗ ನಾಜಲ್ಲಿಗೆ ಹೋಗುವ ನಳಿಕೆಯ ಹತ್ತಿರ ಮಾತ್ರ ಕೈ ತರಬೇಡಿ. ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.