ಫ್ರಾನ್ಸಿನ ಮಣ್ಣುದಾರಿಗಳು

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡಿರುವ ವಿಷಯ ಫ್ರಾನ್ಸ್ ದೇಶದ ಹಳ್ಳಿಗಾಡಿನ ಮಣ್ಣುದಾರಿಗಳು, ಮತ್ತು ಅವುಗಳ ಮೇಲೆ ಸೈಕಲ್ ತುಳಿಯುವ ಜನರು. ಕಾರ್ಮಿಕ ಸಂಘದ ವೇದಿಕೆಗೆ ಇದೆಂಥ ವಿಷಯವೆಂದು ಕೆಲವರಿಗೆ ತೋರಬಹುದು. ವಿಹಾರವೆಂಬುದು ಉಳ್ಳವರ ಸಂಗತಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಈ ದಾರಿಗಳ ಕಥೆಯನ್ನು ಬಿಡಿಸಿ ನೋಡಿದರೆ ಅದರೊಳಗೆ ದುಡಿಮೆಯಿದೆ, ರಜೆಯಿದೆ, ಊರು ಬಿಟ್ಟು ಹೊಟ್ಟೆಪಾಡಿಗೆ ಪಟ್ಟಣ ಸೇರಿದವರ ಬಾಳಿದೆ. ಆದುದರಿಂದ ಇದು ನಮ್ಮ ವಿಷಯವೂ ಹೌದು.

ಮೊದಲು ಈ ಸವಾರಿಯೆಂದರೇನು ಎಂಬುದನ್ನು ಹೇಳಿಬಿಡುತ್ತೇವೆ. ಡಾಂಬರು ರಸ್ತೆಯ ಪಂದ್ಯದ ಸೈಕಲ್ಲಿಗೆ ಸಪೂರ ಟಯರು. ಬೆಟ್ಟ ಹತ್ತುವ ಸೈಕಲ್ಲಿಗೆ ದಪ್ಪ ಟಯರು, ಭಾರವಾದ ಮೈ. ಇವೆರಡರ ನಡುವಿನದನ್ನು ಈಗ ‘ಗ್ರ್ಯಾವೆಲ್’ ಸೈಕಲ್ಲು ಎನ್ನುತ್ತಾರೆ. ಗ್ರ್ಯಾವೆಲ್ ಎಂದರೆ ಜಲ್ಲಿ. ಟಯರಿನ ಅಗಲ ಸುಮಾರು 40 ಮಿಲಿಮೀಟರು. ಗಾಳಿಯನ್ನು ತುಸು ಕಡಿಮೆ ತುಂಬಿದರೆ ಕಲ್ಲಿನ ಕುಲುಕಾಟ ತೋಳಿಗೆ ಏರುವುದಿಲ್ಲ. ಏರುದಾರಿಗೆ ಹಗುರವಾದ ಗೇರು ಇರುತ್ತದೆ.

ಹೆಸರು ಹೊಸದು, ಪದ್ಧತಿ ಹಳೆಯದು. ಕಲ್ಲಿದ್ದಲು ಗಣಿ, ಬಂದೂಕು, ರಿಬ್ಬನ್ನು, ಸೈಕಲ್ಲು – ಇವುಗಳಿಗೆ ಹೆಸರಾಗಿದ್ದ ಸೇಂತ್ ಎತಿಯೆನ್ ಎಂಬ ಕಾರ್ಖಾನೆಯ ಊರಿನಲ್ಲಿ ಪೋಲ್ ದ ವೀವಿ (1853–1930) ಎಂಬವರಿದ್ದರು. ಜನ ಅವರನ್ನು ‘ವೆಲೊಸಿಯೊ’ ಎಂದು ಕರೆಯುತ್ತಿದ್ದರು. 1887ರಲ್ಲಿ ಅವರು ಸೈಕಲ್ಲಿಗೆಂದೇ ಒಂದು ಪತ್ರಿಕೆ ಹೊರಡಿಸಿದರು. ಪಂದ್ಯಕ್ಕಾಗಿ ಅಲ್ಲ, ದೇಶ ನೋಡುವುದಕ್ಕಾಗಿ ಸೈಕಲ್ ತುಳಿಯಿರಿ; ಏರು ಬಂದಾಗ ಗೇರು ಬದಲಾಯಿಸಿರಿ ಎಂಬುದು ಅವರ ವಾದ. ‘ಟೂರ್ ದ ಫ್ರಾನ್ಸ್’ ಪಂದ್ಯದವರು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ ಒಪ್ಪಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಸಾಮಾನ್ಯ ಸವಾರರು ಅದನ್ನು ಬಳಸಿ ಎಷ್ಟೋ ಘಟ್ಟಗಳನ್ನು ದಾಟಿ ಆಗಿತ್ತು.

ಇನ್ನು ದಾರಿಗಳ ಮಾತು. ಫ್ರಾನ್ಸಿನಲ್ಲಿ ಎಲ್ಲಕ್ಕಿಂತ ಕೆಳಗಿನ ಆಡಳಿತ ಘಟಕಕ್ಕೆ ‘ಕಮ್ಯೂನ್’ ಎಂದು ಹೆಸರು. ಅಂಥವು ಸುಮಾರು 35,000 ಇವೆ. ಹೊಲಗಳ ನಡುವೆ, ಕಾಡಿನ ಅಂಚಿನಲ್ಲಿ, ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವ ಬಂಡಿದಾರಿಗಳಲ್ಲಿ ಹಲವು ಈ ಕಮ್ಯೂನಿನ ಆಸ್ತಿ. ಕಾನೂನಿನಲ್ಲಿ ಅವುಗಳಿಗೆ ‘ಗ್ರಾಮದಾರಿ’ ಎಂಬರ್ಥದ ಹೆಸರಿದೆ. 1881ರಷ್ಟು ಹಿಂದೆಯೇ ಅವುಗಳ ಬಗ್ಗೆ ಕಾಯಿದೆಯಾಯಿತು. ಗ್ರಾಮದಾರಿಯಲ್ಲಿ ನಡೆಯಲು, ಸೈಕಲ್ ತುಳಿಯಲು ಯಾವ ಜಮೀನುದಾರನ ಅಪ್ಪಣೆಯೂ ಬೇಕಾಗಿಲ್ಲ. ಇಪ್ಪತ್ತೈದು ಸಾವಿರದಲ್ಲಿ ಒಂದು ಪ್ರಮಾಣದ ಸರಕಾರಿ ನಕ್ಷೆಯನ್ನು ಬಿಡಿಸಿದರೆ, ಒಂದು ಸೆಂಟಿಮೀಟರಿಗೆ 250 ಮೀಟರಿನಂತೆ, ಈ ದಾರಿಗಳೆಲ್ಲ ಕಾಣುತ್ತವೆ.

ಈ ದಾರಿಗಳು ಅಷ್ಟು ನಿಶ್ಶಬ್ದವಾಗಿರುವುದೇಕೆ? ಅದು ಪ್ರಕೃತಿಯ ವರವೆಂದು ಪ್ರವಾಸಿಗಳು ಭಾವಿಸುತ್ತಾರೆ. ನಿಜವಾಗಿ ಅದು ಜನ ಎದ್ದುಹೋದ ಊರುಗಳ ಮೌನ. ದಕ್ಷಿಣದ ಮಲೆಸೀಮೆಯಲ್ಲಿ ಲೊಜೇರ್ ಎಂಬ ಜಿಲ್ಲೆಯಿದೆ. 1851ರಲ್ಲಿ ಅಲ್ಲಿ 1,40,000ಕ್ಕೂ ಹೆಚ್ಚು ಜನರಿದ್ದರು. ಇಂದು 80,000 ಕೂಡ ಇಲ್ಲ. ನೆಲ ಬಡವಾಗಿತ್ತು, ಮಕ್ಕಳು ಹೆಚ್ಚಾಗಿದ್ದರು, ಗಣಿ ಮತ್ತು ಕಾರ್ಖಾನೆಗಳು ಕರೆದವು. ಅದೇ ಮಲೆಸೀಮೆಯ ಓವೆರ್ಞ್ ಪ್ರಾಂತದಿಂದ ಪ್ಯಾರಿಸಿಗೆ ಹೋದವರು ಮೊದಲು ಮನೆಮನೆಗೆ ನೀರು ಹೊತ್ತರು, ಕಲ್ಲಿದ್ದಲು ಮಾರಿದರು, ಆಮೇಲೆ ಕಾಫಿ ಅಂಗಡಿಗಳನ್ನು ಇಟ್ಟರು. 1882ರಲ್ಲಿ ಲೂಯಿ ಬೊನೆ ಎಂಬವರು ಅವರಿಗಾಗಿ ‘ಪ್ಯಾರಿಸಿನ ಓವೆರ್ಞದವ’ ಎಂಬರ್ಥದ ಹೆಸರಿನ ಪತ್ರಿಕೆಯನ್ನು ಆರಂಭಿಸಿದರು; ಊರಿಗೆ ಹೋಗಿಬರಲು ಅಗ್ಗದ ರೈಲುಗಳನ್ನೂ ಏರ್ಪಡಿಸಿದರು. ಹೋಟೆಲು ಮಾಣಿಗಳಾಗಿ, ಗಿರಣಿ ಕೆಲಸಗಾರರಾಗಿ ಮುಂಬಯಿ ಸೇರಿದವರ ಮಕ್ಕಳಿಗೆ, ಪರವೂರಿನಲ್ಲಿ ತಮ್ಮವರ ಪತ್ರಿಕೆ ಓದುವವರಿಗೆ, ಇದನ್ನು ವಿವರಿಸಿ ಹೇಳಬೇಕೆ?

ಹೀಗೆ ಊರು ಬಿಟ್ಟವರು ಮತ್ತೆ ಹಳ್ಳಿಯ ದಾರಿ ಹಿಡಿದದ್ದು ಹೇಗೆಂಬುದು ಕಥೆಯ ಮುಖ್ಯ ಭಾಗ. 1936ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಲೇಯೋಂ ಬ್ಲೂಮ್ ಅವರ ಜನತಾರಂಗ ಸರಕಾರ ಆಗಷ್ಟೇ ಅಧಿಕಾರಕ್ಕೆ ಬಂದಿತ್ತು. ಜೂನ್ 7ರ ರಾತ್ರಿ ಮಾಲಿಕರೂ ಕಾರ್ಮಿಕರೂ ಒಪ್ಪಂದಕ್ಕೆ ಬಂದರು. ಜೂನ್ 20ರ ಕಾಯಿದೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. ವಿರಾಮ ಮತ್ತು ಕ್ರೀಡೆಗಳ ಉಪಮಂತ್ರಿ ಲೇಯೊ ಲಾಗ್ರಾಂಜ್ ಅವರು ರಜೆಯ ಕಾರ್ಮಿಕರಿಗೆ ರೈಲು ದರದಲ್ಲಿ ನೂರಕ್ಕೆ 40ರಷ್ಟು ರಿಯಾಯಿತಿ ಮಾಡಿಸಿದರು. ಆ ಬೇಸಗೆಯಲ್ಲಿ ಲಕ್ಷಗಟ್ಟಲೆ ಜನ ಹೊರಟರು. ರೈಲಿಗೂ ಹಣವಿಲ್ಲದವರು ಸೈಕಲ್ ಹತ್ತಿದರು. ಗಂಡಹೆಂಡಿರು ಇಬ್ಬರೂ ತುಳಿಯುವ ಜೋಡಿ ಸೈಕಲ್ಲು ಆ ವರ್ಷದ ಗುರುತಾಗಿ ಉಳಿಯಿತು. ಹುಟ್ಟಿದಂದಿನಿಂದ ಸಮುದ್ರವನ್ನೇ ಕಾಣದಿದ್ದವರು ಸಮುದ್ರ ಕಂಡರು. ರಜೆ 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರವಾಯಿತು. ಇದಾವುದೂ ಕೇಳದೆ ಸಿಕ್ಕಿದ್ದಲ್ಲ.

ಇಂದು ಸವಾರರು ಹೋಗುವ ದಾರಿಗಳಲ್ಲಿ ಎರಡನ್ನು ಹೆಸರಿಸುತ್ತೇವೆ. ಒಂದು, ತುಲೂಸ್ ಪಟ್ಟಣದಿಂದ ಮೆಡಿಟರೇನಿಯನ್ ಕಡಲಿನತ್ತ ಸುಮಾರು 240 ಕಿಲೋಮೀಟರು ಸಾಗುವ ಮಿದಿ ಕಾಲುವೆಯ ದಂಡೆ. 1681ರಲ್ಲಿ ಮುಗಿದ ಈ ಕಾಲುವೆಯಲ್ಲಿ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ಅವು ನಡೆದ ದಂಡೆಯೇ ಇಂದಿನ ಸೈಕಲ್ ದಾರಿ. ತುಲೂಸ್ ಹತ್ತಿರ ಡಾಂಬರು, ಮುಂದೆ ಬಹುಪಾಲು ಮಣ್ಣು. ನೆರಳಿಗಿದ್ದ ಪ್ಲೇನ್ ಮರಗಳಿಗೆ ಬೂಷ್ಟು ರೋಗ ತಗಲಿದ್ದು 2006ರಲ್ಲಿ ಕಂಡುಬಂತು. ಸಾವಿರಾರು ಮರಗಳನ್ನು ಕಡಿದು ಬೇರೆ ಜಾತಿಯ ಸಸಿಗಳನ್ನು ನೆಡಬೇಕಾಯಿತು. ಇನ್ನೊಂದು, ಉತ್ತರದ ಮೊರ್ವಾಂ ಕಾಡಿನಿಂದ ಮಲೆಸೀಮೆಯನ್ನೆಲ್ಲ ಹಾದು ಕಡಲಿಗೆ ಇಳಿಯುವ ಸುಮಾರು 1,400 ಕಿಲೋಮೀಟರಿನ ಮಾರ್ಗ. ಮೊದಲಿನದು ಮಕ್ಕಳೂ ಹೋಗಬಹುದಾದುದು. ಎರಡನೆಯದಕ್ಕೆ ಗಟ್ಟಿ ಕಾಲು ಬೇಕು.

ಜನವಿರಳ ನಾಡಿನಲ್ಲಿ ಸವಾರರು ಕಲಿತ ಉಪಾಯಗಳೂ ಉಂಟು. ಮಧ್ಯಾಹ್ನ ಹನ್ನೆರಡಕ್ಕೆ ಹಳ್ಳಿಯ ಅಂಗಡಿ ಮುಚ್ಚುತ್ತದೆ. ಸೋಮವಾರ ಎಷ್ಟೋ ಕಡೆ ರೊಟ್ಟಿ ಸಿಗುವುದಿಲ್ಲ. ಕುಡಿಯುವ ನೀರಿಗೆ ಊರ ಸ್ಮಶಾನದ ನಲ್ಲಿಯನ್ನು ಹುಡುಕುತ್ತಾರೆ; ಸಮಾಧಿಯ ಹೂಗಿಡಗಳಿಗಾಗಿ ಅಲ್ಲಿ ನಲ್ಲಿ ಇದ್ದೇ ಇರುತ್ತದೆಂಬ ನಂಬಿಕೆ. ಶರತ್ಕಾಲದಲ್ಲಿ ಬೇಟೆಗಾರರು ಕಾಡಿಗೆ ಇಳಿಯುವುದರಿಂದ ಎದ್ದು ಕಾಣುವ ಬಣ್ಣದ ಅಂಗಿ ತೊಡುತ್ತಾರೆ.

ಮಣ್ಣುದಾರಿ ಭಾಷೆಗೂ ಸಹಾಯಕ್ಕೆ ಬಂದದ್ದುಂಟು. ಪಶ್ಚಿಮದ ಬ್ರಿಟನಿ ಪ್ರಾಂತದ ಬ್ರೆಟನ್ ನುಡಿಗೆ ಶಾಲೆಗಳಲ್ಲಿ ಸ್ಥಾನವಿರಲಿಲ್ಲ. 1977ರಲ್ಲಿ ಪೋಷಕರೇ ಸೇರಿ ‘ದಿವಾನ್’ ಶಾಲೆಗಳನ್ನು ತೆರೆದರು. ದಿವಾನ್ ಎಂದರೆ ಆ ನುಡಿಯಲ್ಲಿ ಮೊಳಕೆ. ಶಾಲೆಗೆ ಹಣ ಕೂಡಿಸಲೆಂದು ಜಾಂ ಪೋಲ್ ಮೆಲ್ಲುವೆ ಎಂಬವರು 1984ರಲ್ಲಿ ಒಂದು ಸೈಕಲ್ ಪಂದ್ಯವನ್ನು ಹೂಡಿದರು. ಅದರ ವಿಶೇಷವೇ ಹೊಲಗಳ ನಡುವಿನ ಕಿರಿದಾದ ಮಣ್ಣುದಾರಿಗಳು. ಪಂದ್ಯದಲ್ಲಿ ಮುಂದಾಗುವ ಬ್ರಿಟನಿಯ ಸವಾರನಿಗೆ ಹಂದಿಮರಿಯ ಬಹುಮಾನ! ಇಂದು ಅದು ದೊಡ್ಡ ದೊಡ್ಡ ತಂಡಗಳು ಬರುವ ಪಂದ್ಯ. ನಾಡಿನ ಕೆಸರನ್ನೂ ನಾಡಿನ ನುಡಿಯನ್ನೂ ಒಟ್ಟಿಗೆ ಮುಂದಿಟ್ಟ ಜಾಣ್ಮೆ ಅವರದು.

ಕೊನೆಯದಾಗಿ ಒಂದು ಮಾತು. ಈ ದಾರಿಗಳು ಶಾಶ್ವತವಲ್ಲ. ಎರಡನೆಯ ಮಹಾಯುದ್ಧದ ನಂತರ ತುಂಡುಹೊಲಗಳನ್ನು ಒಟ್ಟುಗೂಡಿಸಿದಾಗ ಎಷ್ಟೋ ದಾರಿಗಳೂ ಬೇಲಿಸಾಲುಗಳೂ ಅಳಿದುಹೋದವು. ಕಾನೂನಿನಲ್ಲಿಯೂ ಒಂದು ಷರತ್ತಿದೆ: ಸಾರ್ವಜನಿಕರ ಬಳಕೆ ನಿಂತುಹೋದ ಗ್ರಾಮದಾರಿಯನ್ನು ವಿಚಾರಣೆ ನಡೆಸಿ ಕಮ್ಯೂನ್ ಮಾರಬಹುದು. ಆದರೆ ಸಂಬಂಧಪಟ್ಟವರು ಸಂಘ ಕಟ್ಟಿ, ಎರಡು ತಿಂಗಳೊಳಗೆ, ದುರಸ್ತಿಯ ಹೊಣೆ ನಮ್ಮದೆಂದು ಮುಂದೆ ಬಂದರೆ ಮಾರುವಂತಿಲ್ಲ. ಪಕ್ಕದ ಜಮೀನುದಾರ ದಾರಿಯನ್ನು ಉತ್ತು ಮೂವತ್ತು ವರ್ಷ ತನ್ನದೆಂದೇ ಅನುಭವಿಸಿದರೆ ಅದು ಅವನದಾಗುವ ಅಪಾಯವಿತ್ತು. ದಾರಿಗಳ ಗಣತಿಗೆ ಕೈಹಾಕುವ ಕಮ್ಯೂನಿಗೆ ಆ ಅವಧಿಯ ಎಣಿಕೆಯನ್ನು ತಡೆಹಿಡಿಯುವ ಅವಕಾಶವನ್ನು 2022ರ ಕಾಯಿದೆ ಕೊಟ್ಟಿತು. ಆದುದರಿಂದ ಅಲ್ಲಿ ವರ್ಷಕ್ಕೊಮ್ಮೆ ಹಾದುಹೋಗುವ ಸೈಕಲ್ಲೂ ಒಂದು ಸಾಕ್ಷಿಯೇ: ಈ ದಾರಿ ಇನ್ನೂ ಜನರದು ಎಂಬುದಕ್ಕೆ.

ಬಂಧುಗಳೆ, ಓಡಾಡದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ; ಹುಲ್ಲು ಬೆಳೆದುದನ್ನು ಉಳುವವನು ಕಾದೇ ಇರುತ್ತಾನೆ. ರಜೆಯೂ ಹಾಗೆ, ನುಡಿಯೂ ಹಾಗೆ, ಸಂಘವೂ ಹಾಗೆ. ಹೋರಾಡಿ ಪಡೆದುದನ್ನು ಬಳಸಿಯೇ ಉಳಿಸಿಕೊಳ್ಳಬೇಕು.