ದೋಷವೆಲ್ಲಿ? ಸೆನ್ಸರಿನಲ್ಲಿಯೋ, ತಂತಿಯಲ್ಲಿಯೋ?

(ಶಾಲೆಯ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣ)



ಬಾಡಿಗೆಯ ಕಾರೊಂದನ್ನೇ ನೆಚ್ಚಿ ಬಾಳುವ ಸಂಸಾರಗಳು ನಮ್ಮಲ್ಲಿ ಹಲವು. ಅಂತಹ ಕಾರಿನ ಎಂಜಿನ್ ದೀಪವು ಬೆಳಗಿ, ಪರೀಕ್ಷಾಯಂತ್ರವು ‘ಆಕ್ಸಿಜನ್ ಸೆನ್ಸರ್’ ಎಂದೊಡನೆ, ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಹಾಕಿಸುವುದುಂಟು. ಮರುದಿನವೇ ದೀಪವು ಮತ್ತೆ ಬೆಳಗುವುದೂ ಉಂಟು. ಕೆಟ್ಟಿದ್ದುದು ಸೆನ್ಸರಲ್ಲ, ತಂತಿ! ಯಂತ್ರವು ತೋರಿಸುವ ಪಿ 0130 ಎಂಬ ಸಂಖ್ಯೆಯು ಇಡೀ ವಿದ್ಯುನ್ಮಂಡಲದ ದೋಷವನ್ನು ಸೂಚಿಸುವುದೇ ಹೊರತು ಸೆನ್ಸರೊಂದನ್ನೇ ದೂಷಿಸುವುದಿಲ್ಲ.

1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲು ಬಳಕೆಗೆ ಬಂದ ಈ ಸಾಧನವು ಹೊಗೆಕೊಳವೆಯಲ್ಲಿದ್ದು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಪೆಟ್ರೋಲು ಪೂರ್ಣವಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಸಾಮಾನ್ಯವಾದ ನಾಲ್ಕು ತಂತಿಗಳ ಜಿರ್ಕೋನಿಯಾ ಸೆನ್ಸರು, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟನ್ನೂ ಪೆಟ್ರೋಲು ಹೆಚ್ಚಾದರೆ ಸುಮಾರು 0.9 ವೋಲ್ಟನ್ನೂ ಕೊಡುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವೇರಿದ ಮೇಲೆಯೇ ಅದು ಸರಿಯಾಗಿ ನುಡಿಯುವುದರಿಂದ, ಎರಡು ತಂತಿಗಳು ಒಳಗಿನ ಹೀಟರಿಗೆ ಮೀಸಲು, ಉಳಿದೆರಡು ಸಂಕೇತಕ್ಕೆ.

ಪರೀಕ್ಷೆಯ ಕ್ರಮವನ್ನು ಈಗ ನೋಡೋಣ. ಮೊದಲನೆಯದು ಕಣ್ಣಿನ ಪರೀಕ್ಷೆ. ಎಂಜಿನ್ ತಣ್ಣಗಾದ ಮೇಲೆ, ತಂತಿಯು ಕೊಳವೆಗೆ ತಗುಲಿ ಸುಟ್ಟಿದೆಯೇ, ಕನೆಕ್ಟರಿನಲ್ಲಿ ನೀರು ಅಥವಾ ಹಸಿರು ಕಿಲುಬು ಇದೆಯೇ ಎಂದು ನೋಡಬೇಕು. ಎರಡನೆಯದಾಗಿ, ಕನೆಕ್ಟರನ್ನು ಬಿಡಿಸಿ ಮಲ್ಟಿಮೀಟರಿನಿಂದ ಹೀಟರನ್ನು ಅಳೆಯಬೇಕು. ಒಳ್ಳೆಯ ಹೀಟರು ಕೆಲವೇ ಓಮ್‌ಗಳನ್ನು ತೋರಿಸುತ್ತದೆ. ಹೀಟರು ಸರಿಯಿದ್ದು, ಕಾರಿನ ಕಡೆಯಿಂದ 12 ವೋಲ್ಟು ಬಾರದಿದ್ದರೆ ಫ್ಯೂಸನ್ನೂ ರಿಲೇಯನ್ನೂ ನೋಡಬೇಕು.

ಮೂರನೆಯದು ಸಂಕೇತದ ಪರೀಕ್ಷೆ. ಕನೆಕ್ಟರನ್ನು ಮತ್ತೆ ಜೋಡಿಸಿ ಎಂಜಿನ್ ಬಿಸಿಯಾದಾಗ ಮುಂದಿನ ಸೆನ್ಸರಿನ ವೋಲ್ಟು ಏರಿಳಿಯುತ್ತಿರಬೇಕು. ಸೊನ್ನೆಯಲ್ಲಿಯೇ ನಿಂತರೆ ತಂತಿಯು ಕಾರಿನ ಲೋಹಕ್ಕೆ ತಗುಲಿರಬಹುದು. ಹಲವು ಕಾರುಗಳಲ್ಲಿ ಗಣಕವು 0.45 ವೋಲ್ಟನ್ನೇ ತೋರುತ್ತಿದ್ದರೆ ತಂತಿ ತುಂಡಾಗಿರಬಹುದು. 1 ವೋಲ್ಟನ್ನು ಬಹಳ ಮೀರಿದರೆ ಹೀಟರಿನ ತಂತಿಯೊಡನೆ ಕೂಡಿರಬಹುದು. ಹಿಂದಿನ ಸೆನ್ಸರಿನ ವೋಲ್ಟು ಹೆಚ್ಚು ಕದಲದಿರುವುದು ಸಹಜ. ಅದನ್ನು ದೋಷವೆಂದು ಬಗೆಯಬಾರದು. ಕೊನೆಗೆ ಬ್ಯಾಟರಿಯನ್ನು ಬಿಡಿಸಿ, ತಂತಿಯನ್ನು ಮೆಲ್ಲನೆ ಅಲುಗಿಸುತ್ತ ಒಂದು ತುದಿಯಿಂದ ಇನ್ನೊಂದಕ್ಕೆ ಅಳೆದರೆ, ಒಳಗೇ ಮುರಿದ ತಂತಿಯೂ ಸಿಕ್ಕಿಬೀಳುವುದು.

ವಿದ್ಯಾರ್ಥಿಗಳೇ, ಇದನ್ನು ತಿಳಿದವರೊಡನೆ, ಬಯಲಿನಲ್ಲಿಯೇ ಮಾಡಿರಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನಿನ ಹೊಗೆ ಪ್ರಾಣಾಪಾಯಕರ. ಪೋಷಕರೇ, ಹೊಸ ಸೆನ್ಸರಿಗೆ ಹಣ ಕೊಡುವ ಮುನ್ನ ‘ತಂತಿಯನ್ನು ಅಳೆದಿರಾ?’ ಎಂದು ಕೇಳಿರಿ. ಆ ಒಂದು ಪ್ರಶ್ನೆಯಿಂದ ಮನೆಯ ತಿಂಗಳ ದಿನಸಿಯ ಹಣ ಉಳಿದೀತು. ಅಳೆದು ನೋಡಿದ ಮೇಲೆಯೇ ದೂಷಿಸುವುದು ವಿಜ್ಞಾನದ ಮೊದಲ ಪಾಠವೆಂದು ಹೇಳಿ, ನಮ್ಮ ಮಾತನ್ನು ಮುಗಿಸುತ್ತೇವೆ.