ಮೊಹರಮ್ಮಿನ ಹುಲಿ: ಬಣ್ಣ ಮೈಗೋ, ಬಟ್ಟೆಗೋ?



ಮಲೆನಾಡು, ಕರಾವಳಿಯ ಜನರಿಗೆ ಹುಲಿವೇಷವೆಂದೊಡನೆ ಅಷ್ಟಮಿ, ನವರಾತ್ರಿಗಳು ನೆನಪಾಗುತ್ತವೆ. ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಕಲ್ಯಾಣ ಕರ್ನಾಟಕದಲ್ಲಿ ಹುಲಿ ಬರುವುದು ಮೊಹರಮ್ಮಿಗೆ. ಅಲಾಯಿ ಕುಣಿಯ ಸುತ್ತ ಹಲಗೆಯ ಸದ್ದಿಗೆ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿ, ಮತಗಳವರೂ ಇದ್ದಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿಯೂ ಪೀರಲ ದೇವರು ಕೂರುತ್ತಾರೆ. ಮಗುವಿನ ಆರೋಗ್ಯಕ್ಕಾಗಿ ತಾಯಂದಿರು ಹರಕೆ ಹೊರುತ್ತಾರೆ. ಹರಕೆಯ ಮಗು ಹುಲಿಯಾಗುತ್ತದೆ. ಹಜರತ್ ಅಲಿಯವರಿಗೆ ‘ದೇವರ ಸಿಂಹ’ ಎಂಬ ಬಿರುದಿರುವುದನ್ನು ಈ ವೇಷದೊಡನೆ ಜೋಡಿಸಿ ಹೇಳುವವರೂ ಉಂಟು.

ಕಷ್ಟವಿರುವುದು ಬಣ್ಣದಲ್ಲಿ. ಬಾಗಿಲು, ಕಿಟಕಿಗಳಿಗೆ ಹಚ್ಚುವ ಎಣ್ಣೆಬಣ್ಣವನ್ನೇ ಮಗುವಿನ ಎದೆ, ಬೆನ್ನು, ಹೊಟ್ಟೆಗಳಿಗೆ ಬಳಿಯುವುದು ರೂಢಿಯಾಗಿದೆ. ಬೇಗ ಒಣಗುತ್ತದೆ, ಮಳೆಗೆ ಕರಗುವುದಿಲ್ಲ, ಹೊಳೆಯುತ್ತದೆ. ಆದರೆ ಅದನ್ನು ತೆಗೆಯಲು ಸೀಮೆಎಣ್ಣೆಯೇ ಬೇಕು. ಎಳೆಯ ಚರ್ಮ ಉರಿದು ಕೆಂಪೇಳುತ್ತದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಳೆಯ ಡಬ್ಬಿಯಲ್ಲಿ ಏನಿದೆಯೆಂದು ಬಲ್ಲವರಾರು? ಸೀಸವು ಮಕ್ಕಳ ಮಿದುಳಿಗೆ ಮಾಡುವ ಹಾನಿ ಮರಳಿ ಸರಿಹೋಗುವಂಥದಲ್ಲ.

ಇನ್ನೊಂದು ಲೆಕ್ಕವನ್ನು ಹೆಚ್ಚಿನವರು ಹಾಕಿದಂತಿಲ್ಲ. ಮೊಹರಂ ಚಾಂದ್ರಮಾನದ ಹಬ್ಬ. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಜುಲೈ ಕೊನೆಗೆ ಬಂದದ್ದು 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂತು. 2030ರ ಹೊತ್ತಿಗೆ ಮೇ ತಿಂಗಳಿಗೆ ಬರುತ್ತದೆ. ಯಾದಗಿರಿಯ ಮೇ ತಿಂಗಳೆಂದರೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಬೆವರು ಆರಿದರೆ ತಾನೇ ಮೈ ತಂಪಾಗುವುದು! ಮೈತುಂಬ ಎಣ್ಣೆಬಣ್ಣ ಮುಚ್ಚಿದ ಮಗು ಆ ಬಿಸಿಲಿನಲ್ಲಿ ಕುಣಿಯಬೇಕೆ?

ಹುಲಿಯನ್ನು ಬಟ್ಟೆಯ ಮೇಲೆ ಬರೆಯಬಹುದು. ಇದಕ್ಕೆ ಬೇಕಾದುದು ಮಲೆನಾಡಿನ ಕಾಡಿನ ಅಣಲೆಕಾಯಿ. ಅದರ ಪುಡಿಯನ್ನು ಎಮ್ಮೆಯ ಹಾಲಿನಲ್ಲಿ ಕದಡಿ, ಹಳೆಯ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿದರೆ ನಸುಹಳದಿ ಬರುತ್ತದೆ. ಹಾಲಿನ ಜಿಡ್ಡಿನಿಂದಾಗಿ ಮುಂದೆ ಬರೆಯುವ ಪಟ್ಟೆ ಹರಡುವುದಿಲ್ಲ. ತುಕ್ಕು ಹಿಡಿದ ಮೊಳೆ, ಲಾಳಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಕೊಳೆಹಾಕಿ ಸೋಸಿದರೆ ಕಬ್ಬಿಣದ ನೀರು ಸಿದ್ಧ. ಅದರಲ್ಲಿ ಕಡ್ಡಿಯನ್ನದ್ದಿ ಗೆರೆ ಎಳೆದರೆ, ಅಣಲೆ ಕುಡಿದ ಬಟ್ಟೆಯ ಮೇಲೆ ಅದು ನೋಡನೋಡುತ್ತಲೇ ಕಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರ ಕಪ್ಪು ಇದೇ. ಮಳೆಗೂ ಹೋಗದು. ಹಳದಿ ಗಾಢವಾಗಬೇಕಿದ್ದರೆ ದಾಳಿಂಬೆ ಸಿಪ್ಪೆಯನ್ನು ಪಟಿಕದೊಡನೆ ಕುದಿಸಿದ ನೀರಿನಲ್ಲಿ ಅದ್ದಬೇಕು.

ಮುಖವಾಡಕ್ಕೆ ಹೊರಗಿನ ವಿದ್ಯೆ ಬೇಡ. ಬಿದಿರಿನ ಮೊರ, ಬುಟ್ಟಿಗಳಿಗೆ ನೆನೆಸಿದ ಕಾಗದ ಮತ್ತು ಮೆಂತ್ಯದ ಹಿಟ್ಟನ್ನು ರುಬ್ಬಿ ಮೆತ್ತುವುದನ್ನು ಅಜ್ಜಿಯರು ಬಲ್ಲರು. ಅದೇ ಹಿಟ್ಟನ್ನು ಬೋರಲು ಹಾಕಿದ ಮಡಕೆಯ ಮೇಲೆ ತೆಳುವಾಗಿ ಮೆತ್ತಿ ಒಣಗಿಸಿದರಾಯಿತು. ಕಣ್ಣು, ಮೂಗುಗಳ ತೂತು ದೊಡ್ಡದಿರಲಿ. ಬಾಲಕ್ಕೆ ಬಟ್ಟೆ ಸುತ್ತಿದ ಹಗ್ಗ ಸಾಕು. ನಿಜವಾದ ಉಗುರು, ಚರ್ಮಗಳನ್ನಂತೂ ಮುಟ್ಟಕೂಡದು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ. 2023ರಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪದಕ ಧರಿಸಿದವರ ಬಂಧನಗಳಾದದ್ದು ಎಲ್ಲರಿಗೂ ತಿಳಿದದ್ದೇ.

ಬಣ್ಣ ಮೈಗೆ ತಾಗದಿದ್ದರೆ ಹರಕೆ ಮುಟ್ಟಿತೇ ಎಂದು ಹಿರಿಯರು ಕೇಳುವುದು ಸಹಜ. ಅದು ನಂಬಿಕೆಯ ಪ್ರಶ್ನೆ, ನಗುವುದು ತರವಲ್ಲ. ಹಣೆಗೆ, ಕೆನ್ನೆಗೆ, ಅಂಗೈಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಸಿನ ಹಚ್ಚಿ, ದೀಪದ ಕಾಡಿಗೆಯಿಂದ ಪಟ್ಟೆ ಬರೆದರೆ ಬಣ್ಣ ಮೈಗೂ ತಾಗಿತು. ಕಡಲೆಹಿಟ್ಟು ಹಚ್ಚಿ ತೊಳೆದರೆ ಹೆಚ್ಚಿನ ಪಾಲು ಹೋಗುತ್ತದೆ.

ಹರಕೆ ಹಲವು ವರ್ಷಗಳದ್ದಾಗಿದ್ದರೆ ಅಂಗಿಯ ಹೊಲಿಗೆಯಲ್ಲಿ ಬಟ್ಟೆ ಹೆಚ್ಚು ಬಿಟ್ಟಿರಬೇಕು. ಮಗು ಬೆಳೆದಂತೆ ಬಿಚ್ಚಿಕೊಳ್ಳಬಹುದು. ಕಬ್ಬಿಣದ ನೀರನ್ನು ಮಾತ್ರ ಮೊಹರಂ ಚಂದ್ರದರ್ಶನಕ್ಕೆ ಮೂರು ವಾರ ಮೊದಲೇ ಇಡಬೇಕು, ಮಕ್ಕಳ ಕೈಗೆಟಕದ ಕಡೆ, ಮಣ್ಣಿನ ಗಡಿಗೆಯಲ್ಲಿ.